ಬೊಕ್ಕಸದ ಗಡಿ, ಪರಂಪರೆಯ ಗಡಿ

ಹಿರಿಯರು ಬಿಟ್ಟುಹೋದದ್ದೆಲ್ಲ ಪರಂಪರೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಅದರಲ್ಲಿ ಯಾವುದನ್ನು ಹುಡುಕಬೇಕು, ಯಾವುದನ್ನು ಉಳಿಸಬೇಕು ಎಂಬುದು ಬಹುಮಟ್ಟಿಗೆ ಹಣ ಒದಗಿಸುವವರ ತೀರ್ಮಾನ. 1956ರ ಏಕೀಕರಣಕ್ಕೆ ಮುನ್ನ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡೇ ಇದಕ್ಕೆ ನಿದರ್ಶನ.

ಮೈಸೂರು ಸಂಸ್ಥಾನ 1885ರಷ್ಟು ಹಿಂದೆಯೇ ಪುರಾತತ್ವ ಇಲಾಖೆಯನ್ನು ತೆರೆಯಿತು. ಅದರ ಮೊದಲ ಮುಖ್ಯಸ್ಥ ಬಿ.ಎಲ್. ರೈಸ್, ‘ಎಪಿಗ್ರಾಫಿಯಾ ಕರ್ನಾಟಿಕ’ದ 12 ಸಂಪುಟಗಳಲ್ಲಿ 8,000ಕ್ಕೂ ಹೆಚ್ಚು ಶಾಸನಗಳನ್ನು ಜಿಲ್ಲೆ, ತಾಲ್ಲೂಕುವಾರು ಪ್ರಕಟಿಸಿದರು. ರಾಜರ ಬಿರುದಾವಳಿಗಳ ಜೊತೆಗೆ ಕೆರೆ ಕಟ್ಟಿಸಿದವರು, ತುರುಗಾಳಗದಲ್ಲಿ ಮಡಿದವರೂ ಇತಿಹಾಸಕ್ಕೆ ಸೇರಿದರು. ಇಲಾಖೆಯ ಈ ಹುಡುಕಾಟ ನಿಲ್ಲಲಿಲ್ಲ. ಬಹುಕಾಲ ಕನ್ನಡದ ಅತಿ ಪ್ರಾಚೀನ ಶಾಸನವೆನಿಸಿದ್ದ ಹಲ್ಮಿಡಿಯ ಕಲ್ಲು 1936ರಲ್ಲಿ ಎಂ.ಎಚ್. ಕೃಷ್ಣ ಅವರ ಕಾಲದಲ್ಲಿ ಬೆಳಕಿಗೆ ಬಂತು.

ಹೆಸರಿನಲ್ಲಿ ಇಡೀ ಕರ್ನಾಟಕವಿದ್ದರೂ, ಕೊಡಗನ್ನು ಬಿಟ್ಟರೆ ಈ ಸಂಪುಟಗಳು ಸಂಸ್ಥಾನದ ಗಡಿ ದಾಟಲಿಲ್ಲ. ಚಾಲುಕ್ಯರ ಬಾದಾಮಿ ಮುಂಬಯಿ ಪ್ರಾಂತದಲ್ಲಿತ್ತು, ರಾಷ್ಟ್ರಕೂಟರ ಮಳಖೇಡ ನಿಜಾಮರ ರಾಜ್ಯದಲ್ಲಿತ್ತು. ಜೆ.ಎಫ್. ಫ್ಲೀಟ್ ಅವರಂಥ ವಿದ್ವಾಂಸರು ಆ ಭಾಗದ ಅನೇಕ ಶಾಸನಗಳನ್ನು ಓದಿದರು. ಆದರೆ ಮೈಸೂರಿನಂತೆ ತಾಲ್ಲೂಕು ತಾಲ್ಲೂಕನ್ನೂ ಜಾಲಾಡುವ ಕೆಲಸ ಅಲ್ಲಿ ಆಗ ನಡೆಯಲಿಲ್ಲ.

ನಿಜಾಮ ಸರ್ಕಾರ ಪುರಾತತ್ವ ಇಲಾಖೆಯನ್ನು ಸ್ಥಾಪಿಸಿದ್ದು 1914ರಲ್ಲಿ. ಮರುವರ್ಷವೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೇಳುವ ಶಾಸನ ಸಿಕ್ಕಿತು. ಅದನ್ನು ಕಂಡವರು ಚಿನ್ನದ ಗಣಿಯ ಎಂಜಿನಿಯರ್. ಪ್ರಕಟಿಸಲು ಇಲಾಖೆ ಸಿದ್ಧವಿತ್ತು. ಇಟಲಿಯ ತಜ್ಞರನ್ನು ಕರೆಸಿ ಅಜಂತಾದ ಚಿತ್ರಗಳನ್ನು ಕಾಪಾಡಿದ್ದೂ ಇದೇ ಇಲಾಖೆ. ಆದರೆ ಅಲ್ಲಿನ ಕನ್ನಡ ಜಿಲ್ಲೆಗಳ ಶಾಸನಗಳ ಸಂಪುಟವೊಂದು ಪಿ.ಬಿ. ದೇಸಾಯಿ ಅವರ ಸಂಪಾದಕತ್ವದಲ್ಲಿ ಹೊರಬಂದದ್ದು 1958ರಲ್ಲಿ. ಧಾರವಾಡದಲ್ಲಿ ಮುಂಬಯಿ ಸರ್ಕಾರದ ಕನ್ನಡ ಸಂಶೋಧನ ಸಂಸ್ಥೆ ಆರಂಭವಾದದ್ದೂ 1939ರಲ್ಲಿ, ಮೈಸೂರಿನ ಇಲಾಖೆಗಿಂತ 54 ವರ್ಷ ತಡವಾಗಿ. ಕಲ್ಲುಗಳೆಲ್ಲವೂ ಕನ್ನಡ ನಾಡಿನವೇ. ಅವುಗಳನ್ನು ಓದಿಸಿದ ಬೊಕ್ಕಸಗಳು ಬೇರೆ ಬೇರೆ.

ಇಂದು ರಾಜ್ಯಗಳ ಗಡಿಯ ಜಾಗದಲ್ಲಿ ಪಟ್ಟಿಯ ಗಡಿ ಬಂದಿದೆ. 1958ರ ಕೇಂದ್ರ ಕಾಯಿದೆಯಂತೆ ಕನಿಷ್ಠ 100 ವರ್ಷ ಹಳೆಯದಾಗಿದ್ದು, ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸ್ಮಾರಕಗಳ ಹೊಣೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು. ಕರ್ನಾಟಕದಲ್ಲಿ ಇಂಥವು 500ಕ್ಕೂ ಹೆಚ್ಚು. ರಾಜ್ಯ ಸರ್ಕಾರದ ಪಟ್ಟಿ ಬೇರೆ ಇದೆ. ಪಟ್ಟಿಯಲ್ಲಿರುವ ಗುಡಿಗೆ ಬೇಲಿ, ಫಲಕ, ದುರಸ್ತಿಯ ಹಣ ದೊರೆಯಬಹುದು. ಪಕ್ಕದ ಹೊಲದ ವೀರಗಲ್ಲಿಗೆ, ಹಳೆಯ ಕೆರೆಯ ತೂಬಿಗೆ ಊರವರ ಅಕ್ಕರೆಯೊಂದೇ ಕಾವಲು.

ಎಲ್ಲವನ್ನೂ ಉಳಿಸುವಷ್ಟು ಹಣ ಯಾವ ಸರ್ಕಾರದಲ್ಲೂ ಇರುವುದಿಲ್ಲ, ಆಯ್ಕೆ ಅನಿವಾರ್ಯ. ಮೈಸೂರಿನ ಪಾಠವೆಂದರೆ, ಆರಿಸುವ ಮುನ್ನ ಇರುವುದನ್ನೆಲ್ಲ ದಾಖಲಿಸಬೇಕು ಎಂಬುದು. ರೈಸ್ ಕಂಡ ಕಲ್ಲುಗಳಲ್ಲಿ ಎಷ್ಟೋ ಈಗ ಸ್ಥಳದಲ್ಲಿಲ್ಲ, ಆದರೂ ಅವುಗಳ ಮಾತು ಪುಸ್ತಕದಲ್ಲಿ ಉಳಿದಿದೆ. ದಾಖಲೆಯಾಗದೆ ಅಡಿಪಾಯಕ್ಕೆ ಸೇರಿದ ಕಲ್ಲಿನ ಮಾತು ಕಲ್ಲಿನ ಜೊತೆಗೇ ಹೋಯಿತು.