ಕೂಲಿಮಠದ ಬಾಲಗಣಿತ

ಮಗುವು ಶಾಲೆಯ ಹೊಸ್ತಿಲನ್ನು ತುಳಿಯುವುದಕ್ಕೆ ಮುಂಚೆಯೇ ಅಷ್ಟಿಷ್ಟು ಲೆಕ್ಕವನ್ನು ಬಲ್ಲುದು. ಮನೆಯೊಳಗೆ ಅದು ಕಲಿತ ಈ ತಿಳಿವನ್ನು ಶಾಲೆಯು ಆದರಿಸಿ ಬೆಳೆಯಿಸುವುದೋ ಅಥವಾ ಅದನ್ನು ಮರೆಯಿಸಿ ಹೊಸದಾಗಿ ತೊಡಗುವುದೋ ಎಂಬುದು ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಸಣ್ಣ ಪ್ರಶ್ನೆಯಲ್ಲ. ಇಂಗ್ಲಿಷ್ ಮಾದರಿಯ ಶಾಲೆಗಳು ನೆಲೆಗೊಳ್ಳುವುದಕ್ಕೆ ಮೊದಲು ಕನ್ನಡ ನಾಡಿನ ಒಂದು ಭಾಗದಲ್ಲಿ ಈ ಕಾರ್ಯವು ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿಯಲು ಬೆಲೆಯುಳ್ಳ ಒಂದು ದಾಖಲೆ ಉಳಿದಿದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಆಳ್ವಿಕೆಗೊಳಪಟ್ಟ ಜಿಲ್ಲೆಗಳ ಶಾಲೆಗಳ ಲೆಕ್ಕವನ್ನು ಕೇಳಿದನು. ಅದಕ್ಕೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಕಳುಹಿಸಿದ ವರದಿಯೇ ಆ ದಾಖಲೆ.

ಆ ಕಾಲದ ಬಳ್ಳಾರಿ ಜಿಲ್ಲೆಯು ಇಂದಿನದಕ್ಕಿಂತ ಬಹು ವಿಸ್ತಾರವಾಗಿದ್ದಿತು. ಅನಂತಪುರದ ಸೀಮೆಯೂ ಅದರಲ್ಲಿಯೇ ಸೇರಿತ್ತು. ಕ್ಯಾಂಬೆಲ್ ಎಣಿಸಿದ ಶಾಲೆಗಳು 533. ಇವುಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಪಾರಸಿ, ಸಂಸ್ಕೃತ ಮೊದಲಾದವುಗಳಿಗೆ ಸೇರಿದವು. ಊರವರ ಆಶ್ರಯದಲ್ಲಿ ನಡೆಯುತ್ತಿದ್ದ ಇಂತಹ ಶಾಲೆಗಳನ್ನೇ ಕನ್ನಡ ನಾಡಿನ ಹಲವೆಡೆ ಕೂಲಿಮಠಗಳೆಂದು ಕರೆಯುತ್ತಿದ್ದರು.

ಮಗುವಿಗೆ ಸಾಮಾನ್ಯವಾಗಿ ಐದು ವರ್ಷವಾದಾಗ ಅಕ್ಷರಾಭ್ಯಾಸವಾಗುತ್ತಿತ್ತು. ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ಮಗುವು ಶಾಲೆಗೆ ಹೋಗುವುದಕ್ಕೆ ಮುಂಚೆ ಶಾಲೆಯೇ ಮಗುವಿನ ಮನೆಗೆ ಬರುತ್ತಿತ್ತು. ಉಪಾಧ್ಯಾಯನೂ ಅವನ ಶಿಷ್ಯರೂ ಆಹ್ವಾನಿತರಾಗಿ ಬಂದು, ಗಣಪತಿಯ ಸುತ್ತಲೂ ಕುಳಿತು, ಹೊಸ ಮಗುವನ್ನು ತಮ್ಮ ಗುಂಪಿಗೆ ಸೇರಿಸಿಕೊಳ್ಳುತ್ತಿದ್ದರು. ಉಪಾಧ್ಯಾಯನು ಮಗುವಿನಿಂದ ಪ್ರಾರ್ಥನೆಯನ್ನು ಹೇಳಿಸಿ, ಅದರ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ದೇವರ ನಾಮವನ್ನು ಬರೆಯಿಸುತ್ತಿದ್ದನು. ಮರುದಿನ ಬೆಳಗ್ಗೆ ಮಗುವು ಕಾಣುತ್ತಿದ್ದುದು ಅಪರಿಚಿತರ ಮುಖಗಳನ್ನಲ್ಲ.

ಶಾಲೆಯು ಆರು ಗಂಟೆಗೆ ತೆರೆಯುತ್ತಿತ್ತು. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಅಂಗೈಗೆ ಒಂದು ಸೊನ್ನೆ, ಎಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಪೆಟ್ಟು. ಆಮೇಲೆ ಬಂದವರಿಗೆ ಒಂದೊಂದೇ ಹೆಚ್ಚು. ಸೊನ್ನೆಯ ಅರ್ಥವೂ ಒಂದೊಂದನ್ನೇ ಕೂಡಿಸುತ್ತ ಹೋಗುವ ಕ್ರಮವೂ ಹೀಗೆ ಪಾಠಕ್ಕೆ ಮುಂಚೆಯೇ ಮಕ್ಕಳ ಕೈಗೆ ತಿಳಿಯುತ್ತಿದ್ದವು! ಸೋಮಾರಿಗಳಿಗೆ ಇದಕ್ಕಿಂತ ಕ್ರೂರವಾದ ಶಿಕ್ಷೆಗಳೂ ಇದ್ದುವು. ಕೈಗಳನ್ನು ಕಟ್ಟಿ ತೂಗುಹಾಕುವುದೂ ಅವುಗಳಲ್ಲೊಂದು. ಹಿಂದಿನದೆಲ್ಲವೂ ಒಳ್ಳೆಯದೆಂದು ಬಗೆಯುವವರು ಇದನ್ನು ಮರೆಯಬಾರದು.

ಬರವಣಿಗೆಯು ಮೊದಲು ಮರಳಿನ ಮೇಲೆ, ಬೆರಳಿನಿಂದ. ಕೈ ಪಳಗಿದ ಮೇಲೆ ಹಲಿಗೆ ಅಥವಾ ಕಡತ. ಗಂಜಿ ಹಾಕಿ ಬಿರುಸಾಗಿಸಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪವನ್ನು ಕೊಟ್ಟರೆ ಕಡತವಾಗುತ್ತಿತ್ತು. ಬಳಪದಿಂದ ಬರೆದುದನ್ನು ಒದ್ದೆಯ ಬಟ್ಟೆಯಿಂದ ಒರಸಬಹುದಾಗಿತ್ತು. ಅಕ್ಷರ, ಒತ್ತಕ್ಷರ, ಜನರ ಮತ್ತು ಊರುಗಳ ಹೆಸರುಗಳು, ಇವುಗಳ ತರುವಾಯ ಅಂಕಿಗಳು. ಬಳಿಕ ಒಂದರಿಂದ ನೂರರವರೆಗಿನ ಎಣಿಕೆ, ಕೂಡುವ ಮಗ್ಗಿ, ಹಣದ ಸಂಕಲನ ವ್ಯವಕಲನಗಳು, ಗುಣಾಕಾರ.

ಆದರೆ ಈ ಶಾಲೆಗಳ ಗಣಿತದಲ್ಲಿ ಹೆಚ್ಚಿನ ಶ್ರಮವನ್ನು ಪಡೆದ ಭಾಗವು ಭಿನ್ನರಾಶಿ. ಇಂದು ಮಕ್ಕಳು ಹಲವು ವರ್ಷ ಓದಿದ ಮೇಲೂ ಎಡವುವ ಈ ವಿಷಯವನ್ನು ಅಂದಿನ ಮಕ್ಕಳಿಗೆ ಎಳವೆಯಲ್ಲಿಯೇ ಕಲಿಸುತ್ತಿದ್ದರು. ಆ ಭಿನ್ನಗಳು ಹತ್ತು ಹತ್ತಾಗಿ ಇಳಿಯದೆ ನಾಲ್ಕು ನಾಲ್ಕಾಗಿ ಇಳಿಯುತ್ತಿದ್ದವೆಂದು ಕ್ಯಾಂಬೆಲ್ ಗುರುತಿಸಿದ್ದಾನೆ. ಒಂದರ ನಾಲ್ಕನೆಯ ಪಾಲು ಕಾಲು. ಕಾಲಿನ ಕಾಲು ವೀಸ. ವೀಸದ ಕಾಲು ಕಾಣಿ. ದಿನಕ್ಕೆರಡು ಸಲ ಮಕ್ಕಳೆಲ್ಲರೂ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿಕೊಟ್ಟಂತೆ, ಈ ಭಿನ್ನಗಳನ್ನೂ ಮಗ್ಗಿಗಳನ್ನೂ ಅಳತೆ ತೂಕಗಳ ಕೋಷ್ಟಕಗಳನ್ನೂ ಒಕ್ಕೊರಲಿನಿಂದ ಒಪ್ಪಿಸುತ್ತಿದ್ದರು.

ಈ ಕ್ರಮವು ಮಕ್ಕಳಿಗೆ ದಕ್ಕಿದ್ದು ಬಾಯಿಪಾಠದ ಬಲದಿಂದ ಮಾತ್ರವೆಂದು ಹೇಳಲಾಗದು. ಮನೆಯ ಅಳತೆಗಳೂ ನಾಲ್ಕರ ದಾರಿಯಲ್ಲಿಯೇ ನಡೆಯುತ್ತಿದ್ದವು. ಸೇರಿಗೆ ನಾಲ್ಕು ಪಾವು, ಹದಿನಾರು ಚಟಾಕು. ರೂಪಾಯಿಗೆ ನಾಲ್ಕು ಪಾವಲಿ, ಹದಿನಾರು ಆಣೆ. ಕಣದಲ್ಲಿ ರಾಶಿಯನ್ನಳೆಯುವವನು ಒಂದೆನ್ನುವ ಬದಲು ‘ಲಾಭ’ವೆಂದು ಮೊದಲ್ಗೊಂಡು ಎಣಿಸುವುದನ್ನು ಮಗುವು ಕೇಳಿರುತ್ತಿತ್ತು, ಅಳಗುಳಿಮಣೆಯ ಕುಳಿಗಳಿಗೆ ಕಾಳು ಹಂಚುವುದನ್ನು ನೋಡಿರುತ್ತಿತ್ತು. ಶಾಲೆಯು ಹೊಸದೊಂದು ಲೋಕವನ್ನು ತಂದೊಡ್ಡದೆ, ಮನೆಯ ಲೆಕ್ಕಕ್ಕೇ ಹೆಸರನ್ನೂ ಕ್ರಮವನ್ನೂ ಕೊಡುತ್ತಿತ್ತು.

ಹಿರಿಯ ಮಕ್ಕಳಿಂದ ಕಿರಿಯರಿಗೆ ಪಾಠ ಹೇಳಿಸುವ ಪದ್ಧತಿಯನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿ, ಇಂಗ್ಲೆಂಡಿನವರು ಅದನ್ನು ಅನುಕರಿಸಿದ್ದು ಯುಕ್ತವೇ ಎಂದನು. ಮದರಾಸಿನ ಅನಾಥಾಲಯದಲ್ಲಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ನಾಡಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನಲ್ಲಿ ಬಳಕೆಗೆ ತಂದು, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವನ್ನು ಪ್ರಕಟಿಸಿದ್ದನು. ಆದರೆ ಅರ್ಥವರಿಯದ ಕಂಠಪಾಠವನ್ನೂ ಸಮರ್ಥ ಉಪಾಧ್ಯಾಯರ ಕೊರತೆಯನ್ನೂ ಕ್ಯಾಂಬೆಲ್ ಮುಚ್ಚಿಡಲಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಕೊರತೆಯು ಅವನ ಅಂಕಿಗಳಲ್ಲಿಯೇ ಇದೆ. ಒಂಬತ್ತು ಲಕ್ಷಕ್ಕೂ ಮಿಕ್ಕ ಜನರಿದ್ದ ಜಿಲ್ಲೆಯಲ್ಲಿ ಓದುತ್ತಿದ್ದವರು 6,641 ಮಂದಿ, ಎಂದರೆ ಸಾವಿರಕ್ಕೆ ಏಳರಷ್ಟು. ಅವರಲ್ಲಿ ಹೆಣ್ಣುಮಕ್ಕಳು ಅರವತ್ತು ಮಾತ್ರ. ಪಾವಿನಿಂದ ಅಕ್ಕಿಯನ್ನಳೆದು ಮನೆಮಂದಿಗೆಲ್ಲ ಸರಿದೂಗಿಸುತ್ತಿದ್ದವಳ ಲೆಕ್ಕವು ಅಡಿಗೆಮನೆಯ ಹೊಸ್ತಿಲಲ್ಲಿಯೇ ನಿಂತುಹೋಯಿತು. ನಾಡಿನ ಬಡತನವು ಹೆಚ್ಚಿದುದರಿಂದ ಶಾಲೆಗಳು ಕ್ಷೀಣಿಸಿದುವೆಂದು ಕ್ಯಾಂಬೆಲನೇ ಒಪ್ಪಿಕೊಂಡಿದ್ದಾನೆ.

ಮುಂದಿನ ಕಾಲದಲ್ಲಿ ಬಾಗಿಲು ಅಗಲವಾಯಿತು, ಸೇತುವೆ ಮುರಿಯಿತು. ಅಚ್ಚಿನ ಪುಸ್ತಕ ಬಂದಿತು. 1957ರ ಏಪ್ರಿಲ್ 1ರಿಂದ ರೂಪಾಯಿಯು ನೂರು ನಯೇ ಪೈಸೆಗಳಾಗಿ ಒಡೆಯಿತು. ಸೇರು ಚಟಾಕುಗಳ ಸ್ಥಾನಕ್ಕೆ ಕಿಲೋ ಗ್ರಾಮುಗಳು ಬಂದುವು. ವೀಸ ಕಾಣಿಗಳ ಮಗ್ಗಿಗೆ ಕೆಲಸವಿಲ್ಲದಾಯಿತು. 2009ರ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳೆಲ್ಲರಿಗೂ ಶಿಕ್ಷಣವನ್ನು ಹಕ್ಕನ್ನಾಗಿ ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿಯ ಹಂತವೆಂದು ಎಣಿಸಿರುವುದು, ಮನೆಗೂ ಶಾಲೆಗೂ ನಡುವಣ ಕಂದಕವನ್ನು ತುಂಬುವ ಯತ್ನವೇ ಆಗಿದೆ.

ಕಾಣಿ ವೀಸಗಳು ಮರಳಿ ಬರಬೇಕಾಗಿಲ್ಲ, ಬೆತ್ತವಂತೂ ಬರಲೇಬಾರದು. ಆದರೆ ಅಕ್ಕಿಯನ್ನಳೆಯುವ ಮನೆಯ ಕೈಯೂ ಅಂಕಿಯನ್ನು ಬರೆಯುವ ಶಾಲೆಯ ಕೈಯೂ ಒಂದೇ ಮಗುವಿನವೆಂಬುದನ್ನು ಆ ಹಳೆಯ ಶಾಲೆಗಳು ಅರಿತಿದ್ದವು. ಅವು ಸಾವಿರಕ್ಕೆ ಏಳು ಮಂದಿಗೆ ಮಾತ್ರ ಕೊಡಬಲ್ಲವಾಗಿದ್ದ ಆ ಅನುಕೂಲವು ಈಗ ಶಾಲೆಗೆ ಬರುವ ಪ್ರತಿಯೊಂದು ಮಗುವಿಗೂ ಸಲ್ಲತಕ್ಕದ್ದು.