ಸೋತಾಗ ತುಂಬಿದ ಕ್ರೀಡಾಂಗಣ

ಬ್ರೆಜಿಲಿನ ಕಾಲ್ಚೆಂಡಾಟವೆಂದರೆ ನಮ್ಮವರಿಗೆ ಪೆಲೆಯ ನೆನಪು. ಪೆಲೆಯೆಂದರೆ ಸಾಂತೋಸ್ ಕ್ಲಬ್ಬಿನ ನೆನಪು. ಆದರೆ ಆ ವಿಶಾಲ ದೇಶದ ಈಶಾನ್ಯದಲ್ಲಿ, ಪೆರ್ನಂಬುಕೊ ರಾಜ್ಯದ ರಾಜಧಾನಿಯಾದ ರೆಸೀಫೆ ನಗರದಲ್ಲಿ, ಸಾಂತ ಕ್ರೂಜ್ ಎಂಬ ಕ್ಲಬ್ಬೊಂದಿದೆ. ಅದು ಗೆದ್ದ ಬಹುಮಾನಗಳಿಗಿಂತ, ಅದು ಸೋತಾಗ ಅದರ ಜನ ನಡೆದುಕೊಂಡ ರೀತಿ ಹೆಚ್ಚು ವಿಚಾರಾರ್ಹವಾದುದು.

ಪೆರ್ನಂಬುಕೊ ಕಬ್ಬಿನ ನಾಡು. ಅಲ್ಲಿಯ ಸಕ್ಕರೆಯ ಸಂಪತ್ತು ಆಫ್ರಿಕದಿಂದ ಹಿಡಿದು ತಂದ ಗುಲಾಮರ ದುಡಿಮೆಯಿಂದ ಬೆಳೆದದ್ದು. 1888ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಅಳಿಯಿತು; ಸಮಾಜದಲ್ಲಿ ಅಷ್ಟು ಬೇಗ ಅಳಿಯಲಿಲ್ಲ. ಇಂಗ್ಲೆಂಡಿನಿಂದ ಬಂದ ಕಾಲ್ಚೆಂಡಾಟವೂ ಮೊದಲಿಗೆ ಉಳ್ಳವರ ವಿನೋದವೇ ಆಗಿದ್ದಿತು. ರೆಸೀಫೆಯ ಹಿರಿಯ ಕ್ಲಬ್ಬುಗಳಾದ ನಾಉತಿಕೊ (1901), ಸ್ಪೋರ್ಟ್ (1905) ಸಿರಿವಂತರ ಆಶ್ರಯದಲ್ಲಿ ಬೆಳೆದವು.

1914ರ ಫೆಬ್ರುವರಿ 3ರಂದು ಬೋವ ವಿಸ್ತ ಬಡಾವಣೆಯ ಕೆಲವು ಹುಡುಗರು ಕೂಡಿ ಮತ್ತೊಂದು ಕ್ಲಬ್ಬನ್ನು ಕಟ್ಟಿದರು. ಅವರಲ್ಲಿ ಹೆಚ್ಚಿನವರಿಗೆ ಇನ್ನೂ ಮೀಸೆ ಮೂಡುವ ವಯಸ್ಸು. ಸಾಂತ ಕ್ರೂಜ್, ಎಂದರೆ ಪವಿತ್ರ ಶಿಲುಬೆ, ಎಂಬ ಇಗರ್ಜಿಯ ಮುಂದಣ ಬಯಲೇ ಅವರ ಆಟದ ಮೈದಾನ. ಹೆಸರೂ ಅಲ್ಲಿಂದಲೇ ಬಂತು. ಮೊದಲ ದಿನಗಳ ಒಂದು ಸಭೆಯಲ್ಲಿ, ಇದ್ದ ಚೂರುಪಾರು ಹಣದಿಂದ ಕಬ್ಬಿನ ಹಾಲು ಹಿಂಡುವ ಯಂತ್ರ ಕೊಂಡು ವ್ಯಾಪಾರ ಮಾಡೋಣವೆಂದು ಯಾರೋ ಸೂಚಿಸಿದರಂತೆ. ಇನ್ನೊಬ್ಬ ಹುಡುಗ ಸಿಟ್ಟಿನಿಂದ ಮೇಜು ಗುದ್ದಿ ಕ್ಲಬ್ಬನ್ನು ಉಳಿಸಿದನಂತೆ. ಅಭಿಮಾನಿಗಳು ಈ ಕಥೆಯನ್ನು ಇಂದಿಗೂ ಹೇಳುತ್ತಾರೆ.

ಆ ಮೊದಲ ತಲೆಮಾರಿನಲ್ಲಿಯೇ ‘ಲಕ್ರಾಯ’ ಎಂಬ ಅಡ್ಡಹೆಸರಿನ ತೆಯೊಫಿಲೊ ಎಂಬ ಕಪ್ಪುವರ್ಣದ ಆಟಗಾರನಿದ್ದ. ಅಂದಿನ ರೆಸೀಫೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಸಾಂತ ಕ್ರೂಜ್ ಬಡವರ ಕ್ಲಬ್ಬೆನಿಸಿಕೊಂಡದ್ದಕ್ಕೆ ಬೀಜ ಇಲ್ಲಿದೆ. ಮೊದಲಿನ ಕಪ್ಪು-ಬಿಳುಪು ಬಣ್ಣ ಬೇರೊಂದು ಕ್ಲಬ್ಬಿಗೂ ಇದ್ದುದರಿಂದ ಕೆಂಪೂ ಸೇರಿತು. ಆ ಮೂರು ಬಣ್ಣದ ಪಟ್ಟೆಗಳುಳ್ಳ ವಿಷದ ಹಾವೊಂದು ಅದರ ಲಾಂಛನವಾಯಿತು.

1931ರಲ್ಲಿ ಮೊದಲ ರಾಜ್ಯ ಪ್ರಶಸ್ತಿ ದೊರೆಯಿತು. 1934ರಲ್ಲಿ, ವಿಶ್ವಕಪ್ ಆಡಿ ಹಿಂದಿರುಗಿದ್ದ ಬ್ರೆಜಿಲಿನ ರಾಷ್ಟ್ರೀಯ ತಂಡವನ್ನೇ 3-2ರಿಂದ ಸೋಲಿಸಿತು. 1972ರಲ್ಲಿ ಅರ್ರೂದ ಬಡಾವಣೆಯಲ್ಲಿ ಅದರ ಭಾರಿ ಕ್ರೀಡಾಂಗಣ ತೆರೆಯಿತು. 1975ರಲ್ಲಿ ರಾಷ್ಟ್ರೀಯ ಸ್ಪರ್ಧೆಯ ಉಪಾಂತ್ಯವನ್ನು ಮುಟ್ಟಿತು.

ಬಳಿಕ ಪತನ. 2006, 2007, 2008 — ಮೂರು ವರ್ಷಗಳಲ್ಲಿ ಮೂರು ಮೆಟ್ಟಲಿಳಿದು ಕ್ಲಬ್ಬು ಮೊದಲ ಶ್ರೇಣಿಯಿಂದ ನಾಲ್ಕನೆಯದಕ್ಕೆ ಬಿತ್ತು. ಗೆಲುವಿಗಾಗಿ ಬಂದವರಾದರೆ ಇಂಥ ಹೊತ್ತಿನಲ್ಲಿ ಚದುರಿಹೋಗಬೇಕು. ಇಲ್ಲಿ ಹಾಗಾಗಲಿಲ್ಲ. 2011ರಲ್ಲಿ, ಆ ಕೊನೆಯ ಶ್ರೇಣಿಯಲ್ಲಿಯೇ, ಅರ್ರೂದದ ಪಂದ್ಯಗಳಿಗೆ ಸರಾಸರಿ 36,000ಕ್ಕೂ ಹೆಚ್ಚು ಜನ ಬಂದರು. ಮೊದಲ ಶ್ರೇಣಿಯ ಹೆಸರಾಂತ ಕ್ಲಬ್ಬುಗಳಿಗೂ ಅಷ್ಟು ಜನ ಕೂಡಲಿಲ್ಲ. ಆ ವರ್ಷ ತಂಡ ಮೇಲಕ್ಕೇರಿತು. 2016ರಲ್ಲಿ ಮೊದಲ ಶ್ರೇಣಿಗೂ ಮರಳಿ, ಅದೇ ವರ್ಷ ಮತ್ತೆ ಇಳಿಯಿತು.

ಆ ಜನರನ್ನು ಹಿಡಿದಿಟ್ಟದ್ದೇನು? ಬೇರೆ ಬಾಗಿಲುಗಳು ಮುಚ್ಚಿದ್ದ ಕಾಲದಲ್ಲಿ ಇದೊಂದು ಬಾಗಿಲು ಅವರ ಹಿರಿಯರಿಗೆ ತೆರೆದಿದ್ದಿತು. ಆ ನೆನಪು ಮನೆಯಿಂದ ಮನೆಗೆ ಇಳಿದುಬಂದಿದೆ. ಬಹುಮಾನಗಳ ಪಟ್ಟಿಯಿಂದ ಮಾತ್ರ ಕ್ಲಬ್ಬಿನ ಚರಿತ್ರೆ ಬರೆಯುವವರಿಗೆ ಈ ಲೆಕ್ಕ ಸಿಕ್ಕುವುದಿಲ್ಲ.