ಮಾಗಡಿ ಸೀಮೆಯ ಉಕ್ಕು, ಕಮ್ಮಾರನ ಹದ

ಕಬ್ಬಿಣಕ್ಕೂ ಉಕ್ಕಿಗೂ ಇರುವ ಅಂತರ ಬಹುಮಟ್ಟಿಗೆ ಇಂಗಾಲದ್ದು. ಬಡಿದು ಮಾಡಿದ ಮೆದು ಕಬ್ಬಿಣದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕತ್ತಿ, ಉಳಿಗಳಿಗೆ ಬೇಕಾದ ಉಕ್ಕಿನಲ್ಲಿ ನೂರಕ್ಕೆ ಅರ್ಧದಿಂದ ಒಂದು ಪಾಲು. ದಕ್ಷಿಣ ಭಾರತದ ಹಳೆಯ ಮೂಸೆ ಉಕ್ಕಿನಲ್ಲಿ ಒಂದೂವರೆ ಪಾಲಿನವರೆಗೂ ಇರುತ್ತಿತ್ತು. ಆ ಉಕ್ಕನ್ನು ಮಾಡುತ್ತಿದ್ದ ನೆಲೆಗಳಲ್ಲಿ ಕೆಲವು ಬೆಂಗಳೂರಿಗೆ ತೀರ ಹತ್ತಿರದವು.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಮಾಗಡಿಯ ಆಸುಪಾಸಿನಲ್ಲೂ ಮಧುಗಿರಿ ಕಡೆಯಲ್ಲೂ ಈ ಕಸುಬನ್ನು ಕಂಡು ಬರೆದಿಟ್ಟ. ಮಳೆಗಾಲದ ಹಳ್ಳಗಳು ಹೊತ್ತು ತರುವ ಕಪ್ಪು ಮರಳನ್ನು ತೊಳೆದು, ಇದ್ದಿಲಿನ ಜೊತೆ ಕಾಯಿಸಿ ಕಬ್ಬಿಣ ತೆಗೆಯುತ್ತಿದ್ದರು. ಅದರ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ತಂಗಡಿ ಕಡ್ಡಿಯನ್ನೂ ಹಸಿರೆಲೆಯನ್ನೂ ಸೇರಿಸಿ, ಬಾಯಿಗೆ ಮಣ್ಣು ಮೆತ್ತಿ, ಹಲವು ಮೂಸೆಗಳನ್ನು ಒಟ್ಟಿಗೆ ಕುಲುಮೆಯಲ್ಲಿ ಜೋಡಿಸಿ ತಿದಿ ಒತ್ತುತ್ತಿದ್ದರು. ಗಾಳಿಯಾಡದ ಮೂಸೆಯೊಳಗೆ ಕಡ್ಡಿ ಇದ್ದಿಲಾಗಿ, ಅದರ ಇಂಗಾಲ ಕಬ್ಬಿಣದೊಳಕ್ಕೆ ಇಳಿಯುತ್ತಿತ್ತು. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲೂ ಇಂಥ ಮೂಸೆಗಳ ಚೂರು ಸಿಕ್ಕಿವೆ. ಕನ್ನಡದ ವಿಜ್ಞಾನ ಲೇಖಕರೂ ಭೂವಿಜ್ಞಾನಿಯೂ ಆದ ಟಿ.ಆರ್. ಅನಂತರಾಮು ಅವರಿದ್ದ ತಂಡ ಅವುಗಳ ಅಧ್ಯಯನವನ್ನು 1999ರಲ್ಲಿ ಪ್ರಕಟಿಸಿತು.

ಈ ಉಕ್ಕಿನ ಮಾತು ಬಂದರೆ ಡಮಾಸ್ಕಸ್ ಖಡ್ಗವೇ ಎಲ್ಲರ ಬಾಯಲ್ಲಿ. ಊರಿನ ಬಳಕೆ ಅಷ್ಟು ವೈಭವದ್ದಲ್ಲ. ಕಲ್ಲುಕುಟಿಗರ ಉಳಿಗೆ ಉಕ್ಕು ಬೇಕಿತ್ತು. ಚನ್ನಪಟ್ಟಣದಲ್ಲಿ ಅದನ್ನು ಎಳೆದು ವಾದ್ಯಗಳ ತಂತಿ ಮಾಡುತ್ತಿದ್ದರು. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ರಾಗಿಗುಡ್ಡಗಳ ಈ ನೆಲದಲ್ಲಿ ಉಳಿಯ ಮೊನೆ ಮೆತ್ತಗಿದ್ದರೆ ಚಪ್ಪಡಿಯೂ ಏಳದು, ಕಂಬವೂ ನಿಲ್ಲದು.

ಮೊನೆಯನ್ನು ಗಟ್ಟಿ ಮಾಡುವುದು ಉಕ್ಕೊಂದೇ ಅಲ್ಲ, ಹದ. ಕೆಂಪಗೆ ಕಾದ ಉಕ್ಕನ್ನು ಥಟ್ಟನೆ ನೀರಿಗೆ ಅದ್ದಿದರೆ ಇಂಗಾಲ ಹೊರಬರಲು ಬಿಡುವಿಲ್ಲದೆ ಒಳಗೇ ಸಿಕ್ಕಿಬೀಳುತ್ತದೆ; ಲೋಹ ಗಾಜಿನಂತೆ ಗಡುಸಾಗಿ, ಗಾಜಿನಂತೆಯೇ ಒಡೆಯುತ್ತದೆ. ಅದಕ್ಕೇ ಮತ್ತೆ ಮೆಲ್ಲಗೆ ಕಾಯಿಸಿ ಬಿಗಿಯನ್ನು ಸ್ವಲ್ಪ ಸಡಿಲಿಸಬೇಕು. ಕಲ್ಲುಕುಟಿಗರು ಕೆಲಸದ ಜಾಗದಲ್ಲೇ ಪುಟ್ಟ ಕುಲುಮೆ ಹೂಡಿ ಎರಡನ್ನೂ ಒಂದೇ ಕಾವಿನಲ್ಲಿ ಮುಗಿಸುತ್ತಾರೆ. ಉಳಿಯ ತುದಿಯನ್ನಷ್ಟೇ ಅದ್ದಿ ತೆಗೆದು, ಕಲ್ಲಿಗೆ ಉಜ್ಜಿ ಹೊಳಪು ಬರಿಸಿ ಕಾಯುತ್ತಾರೆ. ಹಿಡಿಯ ಕಡೆ ಉಳಿದ ಕಾವು ತುದಿಗೆ ಹರಿದು ಬರುವಾಗ ಮೈಮೇಲೆ ಬಣ್ಣ ಓಡುತ್ತದೆ: ಸುಮಾರು 230 ಡಿಗ್ರಿಗೆ ಒಣಹುಲ್ಲಿನ ಹಳದಿ, 260ರ ಹೊತ್ತಿಗೆ ಕಂದು, 300ಕ್ಕೆ ನೀಲಿ. ಬೇಕಾದ ಬಣ್ಣ ಮೊನೆ ತಲುಪಿದ ಕ್ಷಣವೇ ಪೂರ್ತಿ ನೀರಿಗೆ. ಕತ್ತಿಯ ಅಲಗಿಗೆ ಹಳದಿಯಲ್ಲೇ ನಿಲ್ಲಿಸಬೇಕು. ಏಟು ತಿನ್ನುವ ಉಪಕರಣ ಇನ್ನೂ ಮುಂದಕ್ಕೆ ಹೋಗಬಹುದು. ಇದು ಹೊಸ ವಿದ್ಯೆಯೇನಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲೇ ಆಯುಧಕ್ಕೆ ‘ಪಾನ’ ಕೊಡುವ, ಅಂದರೆ ದ್ರವ ಕುಡಿಸಿ ಹದ ಮಾಡುವ, ಕ್ರಮಗಳಿವೆ; ಬಾಳೆಯ ಬೂದಿ ಕಲಸಿದ ಮಜ್ಜಿಗೆಯೂ ಅವುಗಳಲ್ಲೊಂದು.

ಮೂಸೆ ಉಕ್ಕನ್ನು ಬಡಿಯಹೋಗಿ ಇಂಗ್ಲೆಂಡಿನವರು ಎಡವಿದ್ದು ಕಾವಿನಲ್ಲಿ. ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ 1794ರಲ್ಲಿ ಲಂಡನ್ನಿಗೆ ಭಾರತದ ಉಕ್ಕಿನ ಮಾದರಿ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಬರೆದ. ಇಂಗಾಲ ಹೆಚ್ಚಿರುವ ಈ ಉಕ್ಕನ್ನು ಬೆಳ್ಳಗಾಗುವಷ್ಟು ಕಾಯಿಸಿ ಬಡಿದರೆ ಪುಡಿಯಾಗುತ್ತದೆ. ಹದವಾದ ಕೆಂಪಿನಲ್ಲಿ ತಾಳ್ಮೆಯಿಂದ ಬಡಿಯಬೇಕೆಂಬುದು ಅಲ್ಲಿನ ಕಮ್ಮಾರರಿಗೆ ಹೊಸದು. ಚಾಕುಗಾರ ಜೇಮ್ಸ್ ಸ್ಟೋಡಾರ್ಟ್ ಮಾತ್ರ ಇದನ್ನು ಒಳ್ಳೆಯ ಉಕ್ಕೆಂದು ಮೆಚ್ಚಿ, ಮುಂದೆ ಮೈಕೆಲ್ ಫ್ಯಾರಡೆಯೊಡನೆ ಉಕ್ಕಿನ ಮಿಶ್ರಲೋಹಗಳ ಪ್ರಯೋಗಕ್ಕಿಳಿದ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಗ್ಗದ ವಿದೇಶಿ ಉಕ್ಕು ಬಂತು, ಇದ್ದಿಲಿಗೆ ಕಾಡು ಸಿಗುವುದು ಕಷ್ಟವಾಯಿತು, ಮೂಸೆಗಳು ಆರಿದವು. 1923ರಲ್ಲಿ ಭದ್ರಾವತಿಯಲ್ಲಿ ಕಾರ್ಖಾನೆ ಶುರುವಾಗುವ ಹೊತ್ತಿಗೆ ಹಳೆಯ ಕ್ರಮ ಮುಗಿದ ಕತೆ. ಕಮ್ಮಾರ ಮಾತ್ರ ಉಳಿದ. ಹಳ್ಳಿಯ ಆಯಗಾರರಲ್ಲಿ ಅವನೂ ಒಬ್ಬ. ಕುಳ ಹಣಿದು, ಕುಡುಗೋಲಿಗೆ ಹಲ್ಲು ಹಾಕಿ, ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದ. 1948ರಲ್ಲಿ ಬೆಂಗಳೂರಿನ ಜಯನಗರ ಬಡಾವಣೆ ಆರಂಭವಾದ ಮೇಲೆ ಯಡಿಯೂರು, ಬೈರಸಂದ್ರ, ಸಾರಕ್ಕಿಯಂಥ ಊರುಗಳ ಹೊಲ ಒಂದೊಂದಾಗಿ ಸೈಟಾದವು. ನೇಗಿಲು ಹೋದ ಕಡೆ ಕುಲುಮೆಗೆ ಉಳಿದದ್ದು ಮಚ್ಚು, ಈಳಿಗೆಮಣೆ, ಗಾರೆ ಕೆಲಸದವರ ಉಳಿ.

ಇಂದಿನ ಕಮ್ಮಾರನಿಗೆ ಕಚ್ಚಾ ಮಾಲು ಗುಜರಿ ಅಂಗಡಿಯ ಲಾರಿ ಕಮಾನುಪಟ್ಟಿ. ಅದರಲ್ಲಿ ಇಂಗಾಲ ನೂರಕ್ಕೆ ಅರ್ಧ ಪಾಲಿಗಿಂತ ತುಸು ಹೆಚ್ಚು, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಬೆರೆತಿರುತ್ತದೆ. ಇವುಗಳಿಂದಾಗಿ ಪಟ್ಟಿ ನಿಧಾನವಾಗಿ ತಣಿದರೂ ಗಡುಸಾಗುತ್ತದೆ. ನೀರಿಗೆ ಅದ್ದಿದರೆ ತೆಳು ಅಲಗು ಸೀಳು ಬಿಡುವುದುಂಟು, ಎಣ್ಣೆಯೇ ಸಾಕು.